ಅರ ಎಳೆದ ಕೈ

‘ಟಣ್.’

ತೂಕಡಿಕೆ ಸಾಹೇಬರು ಮನೆಯ ಬೀಗದ ಕೈಯಿಂದ ಸಾಲಿನ ಮೊದಲನೆಯ ಕಬ್ಬಿಣದ ತುಂಡನ್ನು ಬಡಿದರು. ಸದ್ದು ನೀರಿನ ಮೇಲಿನ ಉಂಗುರದಂತೆ ಹರಡಿ, ಗೋಡೆ ಮುಟ್ಟಿ, ಕರಗಿಹೋಯಿತು.

ಊಟದ ಹೊತ್ತು. ಉಜ್ಜುವ ಶೆಡ್ಡಿನಲ್ಲಿ ಇಬ್ಬರೇ ಇದ್ದರು. ಬೆಳಗಿನಿಂದ ಗಡಗಡಿಸುತ್ತಿದ್ದ ಉರುಳು ಪೀಪಾಯಿ ನಿಂತು ಐದು ನಿಮಿಷವಾಗಿದ್ದರೂ ಅದರ ಗುಂಗು ಸಾಹೇಬರ ತಲೆಯೊಳಗೆ ಇನ್ನೂ ತಿರುಗುತ್ತಿತ್ತು. ಎರಕದ ಅಚ್ಚಿನಿಂದ ಬಂದ ಕಬ್ಬಿಣದ ತುಂಡುಗಳನ್ನು ಆ ಪೀಪಾಯಿಯಲ್ಲಿ ಹಾಕಿ ಉರುಳಿಸಿದರೆ, ಮೈಗೆ ಸುಟ್ಟು ಹತ್ತಿಕೊಂಡ ಮರಳೆಲ್ಲ ಉದುರುತ್ತದೆ. ಆಮೇಲೆ ಎರಕ ಹೊಯ್ದ ದಾರಿಯಲ್ಲಿ ಉಳಿದ ಬಾಲ ಕತ್ತರಿಸಬೇಕು, ಅಂಚು ಕೆತ್ತಬೇಕು, ಅರದಿಂದ ಉಜ್ಜಬೇಕು. ಛಾವಣಿಯ ಗಾಜಿನಿಂದ ಇಳಿದ ಬಿಸಿಲಿನಲ್ಲಿ ಆ ಕೆಲಸದ ಧೂಳು ಇಳಿಯಲೂ ಮನಸ್ಸಿಲ್ಲದೆ, ಏರಲೂ ಮನಸ್ಸಿಲ್ಲದೆ ತೇಲುತ್ತಿತ್ತು. ಸಾಹೇಬರಿಗೆ ಕಣ್ಣು ಎಳೆಯುತ್ತಿತ್ತು. ಅದೇನು ಹೊಸದಲ್ಲ. ಠಾಣೆಯಲ್ಲಿ ಅವರಿಗೆ ಈ ಹೆಸರು ಬಿದ್ದು ಹದಿನೆಂಟು ವರ್ಷವಾಗಿತ್ತು. ‘ನೀನು ಕಳ್ಳರನ್ನ ಹಿಡಿಯೋದಲ್ಲ, ಅವರೇ ಪಾಪ ಅಂತ ಬಂದು ಎಬ್ಬಿಸ್ತಾರೆ’ ಎಂದು ಅವರ ಅಕ್ಕ ಈಗಲೂ ಹಂಗಿಸುತ್ತಿದ್ದಳು.

‘ಟಣ್.’ ಎರಡನೆಯದು.

ಅವರಿಗೆ ಬೆನ್ನು ಕೊಟ್ಟು, ಕಲ್ಲಿನ ಕಟ್ಟೆಯ ಮುಂದೆ ಕುಳಿತಿದ್ದ ಮುದುಕ ಅಲ್ಲಾಡಲಿಲ್ಲ. ಕೆಲಸಗಾರರೆಲ್ಲ ಅವನನ್ನು ಟಣ್ ತಾತ ಎನ್ನುತ್ತಿದ್ದರು. ಈ ಎರಕದ ಕಾರ್ಖಾನೆ ಕಟ್ಟಿದವನೇ ಅವನು. ಐವತ್ತು ವರ್ಷದಿಂದ ಇಲ್ಲಿಂದ ಹೊರಬಿದ್ದ ಪ್ರತಿ ತುಂಡನ್ನೂ ಸಣ್ಣ ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ಕೇಳಿ, ಗಟ್ಟಿಯೋ ಟೊಳ್ಳೋ ಹೇಳಿದವನು. ಟೊಳ್ಳಾದರೆ ಸೀಮೆಸುಣ್ಣದಲ್ಲಿ ಅಡ್ಡಡ್ಡ ಗೀಟು ಎಳೆದು ಗುಜರಿಗೆ ಹಾಕುತ್ತಿದ್ದ.

ಹನ್ನೊಂದು ದಿನದ ಹಿಂದೆ ಇದೇ ಶೆಡ್ಡಿನ ತೊಲೆಯಲ್ಲಿ ರಾಟೆಯನ್ನು ಹಿಡಿದಿದ್ದ ಬ್ರಾಕೆಟ್ ಮುರಿದು, ಭಾರವೆಲ್ಲ ತಲೆಯ ಮೇಲೆ ಬಿದ್ದು, ತಾತನ ದೊಡ್ಡ ಮಗ ಸತ್ತಿದ್ದ. ಮುರಿದ ಬ್ರಾಕೆಟ್ಟಿನೊಳಗೆ ಹೆಬ್ಬೆರಳು ಹೋಗುವಷ್ಟು ಗುಳ್ಳೆ. ಆ ಗುಳ್ಳೆಗೆ ಯಾರೋ ಕಬ್ಬಿಣದ ಪುಡಿ ಬೆರೆಸಿದ ಅಂಟು ತುಂಬಿ, ಮೇಲೆ ನಯವಾಗಿ ಉಜ್ಜಿ, ಬಣ್ಣ ಬಳಿದಿದ್ದರು.

ಪೊಲೀಸರು ಕೇಳುವ ಮೊದಲೇ ತಾತ ಹೇಳಿಬಿಟ್ಟಿದ್ದ: ‘ನಾನೇ ಪಾಸ್ ಮಾಡಿದ್ದು. ಎರಡು ವರ್ಷದಿಂದ ನನಗೆ ಕಿವಿ ಕೇಳಲ್ಲ. ಯಾರಿಗೂ ಹೇಳಿರಲಿಲ್ಲ. ನನ್ನ ಮಗನನ್ನ ನಾನೇ ಕೊಂದ ಹಾಗಾಯ್ತು. ಕರ್ಕೊಂಡು ಹೋಗಿ.’

ಅಂದಿನಿಂದ ಎಲ್ಲರೂ ಅವನೊಡನೆ ಸ್ಲೇಟಿನಲ್ಲಿ ಬರೆದು ಮಾತಾಡುತ್ತಿದ್ದರು.

‘ಟಣ್.’ ಮೂರು. ‘ಟಣ್.’ ನಾಲ್ಕು. ಸಾಹೇಬರು ರೈಲಿಗೆ ಕಾಯುವವರ ಹಾಗೆ, ಬೇರೇನೋ ಯೋಚಿಸುತ್ತಿರುವವರ ಹಾಗೆ ಸಾಲಿನ ಉದ್ದಕ್ಕೂ ನಡೆದರು. ಐದು. ಆರು.

ಏಳನೆಯದನ್ನು ಬಡಿದರು.

‘ಥಕ್.’

ಒಣಗಿದ ಸದ್ದು. ಹಾಡುತ್ತಿದ್ದವರು ನಡುವೆ ಕೆಮ್ಮಿದ ಹಾಗೆ.

ತಾತ ತಿರುಗಿ ನೋಡಲಿಲ್ಲ. ಹೆಗಲು ಕದಲಲಿಲ್ಲ. ಆದರೆ ಮೊಣಕಾಲಿನ ಮೇಲೆ ಮಲಗಿದ್ದ ಬಲಗೈ, ಬೆರಳ ನಡುವೆ ಸದಾ ಇರುತ್ತಿದ್ದ ಸೀಮೆಸುಣ್ಣದ ಸಮೇತ, ತಾನೇ ತಾನಾಗಿ ಒಂದಿಷ್ಟು ಮೇಲೆದ್ದು ಗಾಳಿಯಲ್ಲಿ ಒಂದು ಗೀಟೆಳೆಯಿತು. ಅಡ್ಡಕ್ಕೆ ಇನ್ನೊಂದು ಎಳೆಯಬೇಕು, ಅಷ್ಟರಲ್ಲಿ ನೆನಪಾಯಿತು. ಮುಷ್ಟಿ ಬಿಗಿಯಿತು. ಸುಣ್ಣ ಪಟ್ಟನೆ ಮುರಿಯಿತು.

ಬೇಕೆಂದೇ ಒಂದು ಟೊಳ್ಳು ತುಂಡನ್ನು ಸಾಲಿನಲ್ಲಿ ಇಟ್ಟಿದ್ದ ಸಾಹೇಬರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಒಂದು ಮುಕ್ಕಾಲಿ ಎಳೆದುಕೊಂಡು ತಾತನ ಎದುರಿಗೆ ಕುಳಿತರು. ಸ್ಲೇಟು ಮುಟ್ಟಲಿಲ್ಲ.

“ನಿಮ್ಮ ಕೈಗೆ ಚೆನ್ನಾಗಿ ಕಿವಿ ಕೇಳುತ್ತೆ, ತಾತ.”

ತಾತ ಮಿಕಮಿಕ ನೋಡಿದ. ಸ್ಲೇಟಿನ ಕಡೆ ಬೊಟ್ಟು ಮಾಡಿದ.

“ಬೇಡ ಬಿಡಿ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯೋದನ್ನ ಎಷ್ಟು ದಿನ ನೋಡೋದು? ನನಗೂ ವಯಸ್ಸಾಯ್ತು, ಬರೆದು ಬರೆದು ಕೈ ನೋಯುತ್ತೆ.”

ತಾತ ಚಾಚಿದ ಬೊಟ್ಟನ್ನು ಮಡಚಿಕೊಂಡ. ತೇಲುವ ಧೂಳನ್ನೇ ನೋಡುತ್ತಿದ್ದ. ಹೊರಗೆ ನಲ್ಲಿಯ ಹತ್ತಿರ ಯಾರೋ ತಟ್ಟೆ ತೊಳೆಯುತ್ತಿದ್ದರು. ಒಬ್ಬ ಏನೋ ಹೇಳಿದ, ಮೂವರು ನಕ್ಕರು. ಆ ನಗುವಿಗೆ ತಾತನ ಮುಖ ಹೊಸ್ತಿಲಲ್ಲಿ ನಿಂತ ನೆಂಟನಂತೆ ಹಿಂಜರಿಯುತ್ತ ಸಡಿಲವಾಯಿತು.

“ಹನ್ನೊಂದು ದಿನ,” ಎಂದ. ಧ್ವನಿ ತುಕ್ಕು ಹಿಡಿದಿತ್ತು. “ನಾನು ಕಿವುಡ ಅಂತ ಗೊತ್ತಾದ ಮೇಲೆ ಜನ ನನ್ನೆದುರಿಗೇ ಏನೇನು ಮಾತಾಡಿದ್ರು ಗೊತ್ತಾ ಸಾಹೇಬ್ರೇ? ಎಲ್ಲಾ ಹೊಟ್ಟೆಗೆ ಹಾಕ್ಕೊಂಡೆ.”

“ಆ ಬ್ರಾಕೆಟ್ ನೀವು ಪಾಸ್ ಮಾಡಿರಲಿಲ್ಲ.”

“ಇಲ್ಲ.”

“ಟೊಳ್ಳು ಅಂತ ಗೊತ್ತಿತ್ತು.”

“ಅಯ್ಯೋ, ಮೊದಲನೇ ಏಟಿಗೇ! ಎರಡು ಬ್ರಾಕೆಟ್ ಹೊಯ್ದಿದ್ವಿ. ಒಂದು ದೇವರ ಗಂಟೆ ಹಾಗಿತ್ತು. ಇನ್ನೊಂದು ಒಡಕು ಮಡಕೆ. ಗಂಟೆಯಂಥದಕ್ಕೆ ಬಣ್ಣ ಹೊಡೆಸಿ ಉಗ್ರಾಣದಲ್ಲಿ ಇಡಿಸಿದೆ, ರಾಟೆಗೆ ಹಾಕೋಕೆ. ಮಡಕೆಗೆ ಸುಣ್ಣದ ಗೀಟು ಹಾಕಿ ಗುಜರಿಗೆ ಎಸೆದೆ. ನಾನೇ. ಈ ಕೈಯಿಂದ.”

“ಹಾಗಿದ್ರೆ ಗುಜರಿಯಿಂದ ಅದನ್ನ ಎತ್ಕೊಂಡು ಬಂದು, ತೂತು ಮುಚ್ಚಿ, ಉಜ್ಜಿ, ತೊಲೆಗೆ ಹಾಕಿದೋರು ಯಾರೋ ಇದಾರೆ. ಅವರನ್ನ ಉಳಿಸೋಕೆ ನೀವು ಕಿವುಡರಾದ್ರಿ.” ಸಾಹೇಬರು ಕಣ್ಣು ಉಜ್ಜಿಕೊಂಡರು. “ಯಾರಿಗೋಸ್ಕರ ಒಬ್ಬ ಅಪ್ಪ ಹೀಗೆ ತಪ್ಪನ್ನ ತಲೆ ಮೇಲೆ ಎಳ್ಕೋತಾನೆ ಅಂತ ಕೇಳಬೇಕಾಗಿಲ್ಲ. ಅಣ್ಣ ತಮ್ಮ ಎಣ್ಣೆ ಸೀಗೆಕಾಯಿ ಅಂತ ಇಲ್ಲಿ ಕಲ್ಲೂ ಹೇಳುತ್ತೆ. ಆರು ತಿಂಗಳಿಂದ ಮಾತಿಲ್ಲ. ತಮ್ಮ ಇಲ್ಲೆಲ್ಲಾ ಮಷೀನ್ ತರ್ತೀನಿ ಅಂದ, ಕೈಯಲ್ಲಿ ಉಜ್ಜೋ ಜನಾನ ಬಿಡಿಸಲ್ಲ ಅಂತ ಅಣ್ಣ ಪಟ್ಟು ಹಿಡಿದ. ಚಿಕ್ಕವನೇ ಅಲ್ವಾ?”

ತಾತ ನಕ್ಕ. ಸಾಹೇಬರ ಹದಿನೆಂಟು ವರ್ಷದ ನೌಕರಿಯಲ್ಲಿ ಅಷ್ಟು ದುಃಖದ ನಗು ಅವರು ಕಂಡಿರಲಿಲ್ಲ.

“ಆ ತುಂಡು ತಂದಿದೀರಾ?”

ಸಾಹೇಬರು ಬಟ್ಟೆಯ ಚೀಲದಿಂದ ಮುರಿದ ಬ್ರಾಕೆಟ್ಟಿನ ದೊಡ್ಡ ಅರ್ಧವನ್ನು ತೆಗೆದು ಕಟ್ಟೆಯ ಮೇಲಿಟ್ಟರು. ಪೊಲೀಸ್ ಪ್ರಯೋಗಾಲಯದವರು ಬೂದು ಬಣ್ಣವನ್ನೆಲ್ಲ ಕೆರೆದು ತೆಗೆದಿದ್ದರು. ಕಬ್ಬಿಣ ಬೆತ್ತಲಾಗಿ ಮಲಗಿತ್ತು. ತಾತ ಮುರಿದ ಸುಣ್ಣದ ಚೂರನ್ನು ಅದರ ಮೈಗೆ ಒತ್ತಿ ತಿಕ್ಕಿದ. ಆಮೇಲೆ ಹೆಬ್ಬೆರಳಿನಿಂದ, ಮಲಗಿದ ಮಗುವಿನ ಹಣೆ ಒರೆಸುವಷ್ಟು ಮೆತ್ತಗೆ, ಒರೆಸಿದ. ಮೇಲಿನ ಸುಣ್ಣ ಹೋಯಿತು. ಗೀಟುಗಳೊಳಗೆ ಇಳಿದಿದ್ದು ಉಳಿಯಿತು. ನೂರಾರು ಬಿಳಿ ಎಳೆಗಳು ಒಂದರ ಪಕ್ಕ ಒಂದು ಮೇಲೆದ್ದವು.

“ನೋಡಿ. ಒಬ್ಬೊಬ್ಬರು ಅರ ಎಳೆಯೋದು ಒಂದೊಂದು ಥರ. ಬರೆಯೋ ಅಕ್ಷರ ಹೇಗೋ ಹಾಗೆ. ಚಿಕ್ಕವನು ಅವಸರದೋನು, ಅವನ ಗೀಟು ಮಧ್ಯದಲ್ಲಿ ಆಳ, ಕೊನೆಯಲ್ಲಿ ತೇಲು. ಊಟಕ್ಕೆ ಹೊತ್ತಾಯ್ತು ಅನ್ನೋ ಹಾಗೆ ಎಳೀತಾನೆ. ಇದು ನೋಡಿ, ಕೊನೆಯವರೆಗೂ ಒಂದೇ ಸಮ. ತುದೀಲಿ ಮಾತ್ರ ಒಂದು ಸಣ್ಣ ತಿರುವು. ಕಾಣ್ತಾ?”

ಸಾಹೇಬರು ಬಗ್ಗಿದರು. ಪ್ರತಿ ಎಳೆಯೂ ತುದಿಯಲ್ಲಿ ಕೂದಲೆಳೆಯಷ್ಟು ಬಾಗಿತ್ತು. ಗಾಳಿಗೆ ಬಾಗಿದ ಹುಲ್ಲಿನ ಬಯಲನ್ನು ಎತ್ತರದಿಂದ ನೋಡಿದ ಹಾಗಿತ್ತು.

“ಒಂಬತ್ತು ವರ್ಷದೋನಿದ್ದಾಗ ಆ ಮರಳಿನ ಗುಡ್ಡೆ ಮೇಲಿಂದ ಬಿದ್ದು ಮಣಿಕಟ್ಟು ಮುರ್ಕೊಂಡ. ಸೊಟ್ಟಗೇ ಕೂಡ್ತು. ಅರ ಎಳೆದ್ರೆ ಕೊನೇಲಿ ಕೈ ತಾನಾಗೇ ತಿರುಗೋದು. ‘ಸರಿ ಮಾಡ್ಕೊಳ್ಳೋ’ ಅಂತ ಎಷ್ಟು ಬೈದಿದೀನಿ.”

“ಯಾರು, ತಾತ?”

“ಇನ್ಯಾರು. ನನ್ನ ದೊಡ್ಡ ಮಗ. ಸತ್ತೋನು.”

ಶೆಡ್ಡಿನೊಳಗೆ ಒಂದು ಗುಬ್ಬಿ ಬಂದು, ಎಲ್ಲಿಗೆ ಬಂದೆ ಎಂದು ತಿಳಿಯದೆ ಒಂದು ಸುತ್ತು ಹಾರಿ, ಬಂದ ದಾರಿಯಲ್ಲೇ ಹೋಯಿತು. ಸಾಹೇಬರ ನಿದ್ದೆ ಪೂರ್ತಿ ಹಾರಿಹೋಗಿತ್ತು. ಆದರೂ ಎಲ್ಲವೂ ಕನಸಿನಲ್ಲಿ ನಡೆದಂತೆ ನಿಧಾನವಾಗಿ ಕಾಣುತ್ತಿತ್ತು: ಬಿಳಿ ಗೀಟುಗಳು, ಮುದುಕನ ಬೂದು ಬೆರಳು, ಕಟ್ಟೆಯ ತುದಿಯಿಂದ ಸುಣ್ಣದ ಪುಡಿ ಇಳಿಯುವುದು.

“ದಿನಾ ಬೆಳಿಗ್ಗೆ ರಾಟೆ ಕೆಳಗೆ ನಿಲ್ತಿದ್ದಿದ್ದು ಚಿಕ್ಕವನು,” ಎಂದ ತಾತ. “ಅವತ್ತು ಹಲ್ಲುನೋವು ಅಂತ ತಡವಾಗಿ ಬಂದ. ದೊಡ್ಡವನು ತಾನೇ ಹೋಗಿ ನಿಂತ. ಯಾಕೆ ನಿಂತ ಅಂತ ಗೊತ್ತಿಲ್ಲ. ಮರೆತನೋ, ಮನಸ್ಸು ಕಚ್ಚಿತೋ. ಬಣ್ಣ ಎದ್ದ ಕಡೆ ಆ ಗೀಟು ಕಂಡೆ ನೋಡಿ, ನನ್ನ ಎದೆ ಒಡೀತು. ಮಗ ಸತ್ತಿದ್ದಕ್ಕಲ್ಲ ಸಾಹೇಬ್ರೇ. ತಮ್ಮನ್ನ ಕೊಲ್ಲೋಕೆ ಹೊರಟಿದ್ದನಲ್ಲ, ಅದಕ್ಕೆ. ಊರೆಲ್ಲ ಅವನ ಹೆಣಕ್ಕೆ ಉಗಿಯೋದಕ್ಕಿಂತ, ನಾನೊಬ್ಬ ಕಿವುಡ ಮುದುಕ ಆಗೋದು ವಾಸಿ ಅನ್ನಿಸ್ತು.”

“ಮಾವ!”

ಬಾಗಿಲಲ್ಲಿ ದೊಡ್ಡ ಸೊಸೆ ನಿಂತಿದ್ದಳು. ಮೊಣಕೈವರೆಗೂ ಚರ್ಮದ ಕೈಗವಸು, ಹಣೆಯ ಮೇಲೆ ಎತ್ತಿಟ್ಟ ಕನ್ನಡಕ, ಕನ್ನಡಕ ಇದ್ದಷ್ಟು ಜಾಗ ಬಿಟ್ಟು ಮುಖವೆಲ್ಲ ಬೂದಿ. ಗಂಡ ಸತ್ತ ಐದನೆಯ ದಿನಕ್ಕೇ ಅವಳು ಕೆಲಸಕ್ಕೆ ಬಂದು ಕೂತಿದ್ದಳು. ಮನೆಯಲ್ಲಿ ಕೂತರೆ ಗೋಡೆಗಳು ಮಾತಾಡುತ್ತವೆ, ಇಲ್ಲಾದರೆ ಗದ್ದಲವಿದೆ, ಎಂದಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ.

“ನಿಮಗೆ ಕಿವಿ ಕೇಳುತ್ತಾ?” ಎಂದಳು.

ತಾತ ತಲೆ ತಗ್ಗಿಸಿದ.

“ಅವರು ತಮ್ಮನ್ನ ಕೊಲ್ಲೋಕೆ ಹೊರಟಿದ್ರು ಅಂತ ನೀವು ನಂಬಿದ್ರಾ? ಹನ್ನೊಂದು ದಿನ? ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?”

“ಏನಂತ ಕೇಳಲಿ ತಾಯಿ? ಗೀಟು ಅವನದೇ. ನೀನೇ ನೋಡು.”

ಅವಳು ಕೈಗವಸು ಕಳಚಿ ಹತ್ತಿರ ಬಂದಳು. ಪೊಲೀಸರು ಅಂದೇ ತುಂಡನ್ನು ಎತ್ತಿಕೊಂಡು ಹೋಗಿದ್ದರಿಂದ, ಮುರಿದ ಮೇಲೆ ಅವಳು ಅದನ್ನು ಕಂಡದ್ದು ಇದೇ ಮೊದಲು. ಬಿಳಿ ಗೀಟುಗಳ ಮೇಲೆ ಬೆರಳಿಟ್ಟಳು. ಒಂದೆಳೆಯ ಉದ್ದಕ್ಕೂ ಬೆರಳು ಹೋಯಿತು. ತುದಿಯಲ್ಲಿ ಅದರೊಡನೆಯೇ ಒಂದಿಷ್ಟು ತಿರುಗಿತು. ಬೆರಳನ್ನು ಅಲ್ಲೇ ಇಟ್ಟುಕೊಂಡು ಅವಳು ಹೇಳಿದಳು.

“ಹೌದು. ಇದನ್ನ ಅವರೇ ಉಜ್ಜಿದ್ದು. ನಮ್ಮ ಮನೆ ಹಿತ್ತಲಲ್ಲಿ, ನಾಲ್ಕು ಭಾನುವಾರ. ನಾನೇ ಪಕ್ಕದಲ್ಲಿ ಕೂತು ದೀಪ ಹಿಡಿದ ಹಾಗೆ ಕೊಡೆ ಹಿಡಿದಿದ್ದೆ, ಬಿಸಿಲಿಗೆ.”

ಸಾಹೇಬರು ಎದ್ದುನಿಂತರು. “ಯಾಕೆ ಉಜ್ಜಿದ್ರು?”

“ಮಾವನಿಗೋಸ್ಕರ.” ಅವಳು ತಾತನ ಕಡೆ ತಿರುಗಿದಳು. “ಆ ಬ್ರಾಕೆಟ್ಟಿನ ಅಚ್ಚು ನೀವು ಮೊಟ್ಟಮೊದಲು ಕೆತ್ತಿದ ಅಚ್ಚಂತೆ ಅಲ್ವಾ ಮಾವ? ಮುಂದಿನ ತಿಂಗಳು ಕಾರ್ಖಾನೆಗೆ ಐವತ್ತು ತುಂಬುತ್ತೆ. ಅವತ್ತು ಆಫೀಸಿನ ಗೋಡೆ ಮೇಲೆ ಇದನ್ನ ನಿಮಗೆ ತೋರಿಸಬೇಕು ಅಂತ ಅವರ ಆಸೆ. ಗಟ್ಟಿ ಇರೋದು ರಾಟೆಗೆ ಬೇಕು, ಗೋಡೆಗೆ ಟೊಳ್ಳಾದ್ರೇನು ಅಂತ ಗುಜರಿಯಿಂದ ತಂದ್ರು. ‘ನನ್ನಪ್ಪ ಸೊಟ್ಟ ಕೈ ಸೊಟ್ಟ ಕೈ ಅಂತ ಬೈದು ಬೈದೇ ನನಗೆ ಅನ್ನ ಹುಟ್ಟೋ ವಿದ್ಯೆ ಕಲಿಸಿದ್ದು. ಈ ಸೊಟ್ಟ ಕೈಯಲ್ಲೇ ಎಷ್ಟು ನಯ ಬರುತ್ತೆ ನೋಡಲಿ’ ಅಂತಿದ್ರು. ಬಣ್ಣ ಹೊಡೆದು, ಬಟ್ಟೆ ಸುತ್ತಿ, ಆಫೀಸಿನ ಗೋಡೆಗೆ ನೇತುಹಾಕಿ ಬಂದ್ರು. ಯಾರೂ ಬಿಚ್ಚಬಾರದು ಅಂತ ಹೇಳಿ.”

ತಾತ ಎರಡೂ ಕೈಯಿಂದ ಆ ಮುರಿದ ಕಬ್ಬಿಣವನ್ನು ಹಿಡಿದು, ಅದಕ್ಕೆ ಹಣೆ ಒತ್ತಿದ. ಬೆನ್ನು ಕುಲುಕತೊಡಗಿತು. ಸೊಸೆ ಅವನ ಬೆನ್ನ ಮೇಲೆ ಕೈಯಿಟ್ಟಳು. ಇಷ್ಟು ದಿನ ಕೊಲೆಗಾರನೆಂದು ಒಳಗೊಳಗೇ ಹೂತಿಟ್ಟಿದ್ದ ಮಗ ಅವನಿಗೆ ಮತ್ತೆ ಮಗನಾಗಿ ಸಿಕ್ಕಿದ್ದ. ಸಿಕ್ಕ ಗಳಿಗೆಯಲ್ಲೇ ಇನ್ನೊಮ್ಮೆ ಸತ್ತಿದ್ದ.

ಸಾಹೇಬರು ಮುಖ ಆ ಕಡೆ ತಿರುಗಿಸಿ ಬಿಸಿಲನ್ನು ನೋಡಿದರು. ಕೆಮ್ಮಿ ಕೇಳಿದರು.

“ಗೋಡೆ ಮೇಲಿರಬೇಕಾಗಿದ್ದ ಟೊಳ್ಳು ತೊಲೆ ಮೇಲೆ ಹೋಯ್ತು ಅಂದ್ರೆ, ತೊಲೆಗೆ ಹೋಗಬೇಕಾಗಿದ್ದ ಗಟ್ಟಿ ಬ್ರಾಕೆಟ್ ಎಲ್ಲಿದೆ?”

ಸೊಸೆ ಅವರನ್ನೇ ದಿಟ್ಟಿಸಿದಳು. “ಆಫೀಸಿನಲ್ಲಿ ಬಟ್ಟೆ ಗಂಟು ಹಾಗೇ ಇದೆ. ನಿನ್ನೆ ಸಂಜೆನೂ ಬಾಗಿಲಿಂದ ಕಂಡೆ. ಬಿಚ್ಚಿ ನೋಡೋ ಧೈರ್ಯ ನನಗಿರಲಿಲ್ಲ.”

“ಉಗ್ರಾಣದ್ದು ಗೋಡೆಗೆ, ಗೋಡೆಯದ್ದು ಉಗ್ರಾಣಕ್ಕೆ. ಎರಡಕ್ಕೂ ಒಂದೇ ಬಣ್ಣ. ಅದಲು ಬದಲು ಮಾಡೋಕೆ ಎರಡು ನಿಮಿಷ ಸಾಕು.” ಸಾಹೇಬರು ಟೋಪಿ ಎತ್ತಿಕೊಂಡರು. “ಬಟ್ಟೆ ಒಳಗೆ ಏನಿದೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ಯೋಚನೆ ಮಾಡಿ ಹೇಳಿ.”

“ಯೋಚನೆ ಯಾಕೆ? ಮೂರೇ ಜನ. ಅವರು, ನಾನು, ಅತ್ತೆ. ಸುತ್ತೋಕೆ ಬಟ್ಟೆ ಕೊಟ್ಟಿದ್ದೇ ಅತ್ತೆ, ‘ಅವರಿಗೆ ಟೊಳ್ಳು ಕೊಡೋದಾ’ ಅಂತ ಗೊಣಗ್ತಾ.”

“ನಿಮ್ಮ ಮೈದುನನಿಗೆ?”

“ಅವನಿಗೆ ಇವರು ಹೇಳಲಿಲ್ಲ. ಮಾತೇ ಇರಲಿಲ್ಲವಲ್ಲ.” ಅವಳು ಆಫೀಸಿನ ಕಡೆ ನೋಡಿದಳು. “ಆದ್ರೆ ಆಫೀಸು ಅವನದು. ಬಿಚ್ಚಿ ನೋಡಿದ್ರೆ ಯಾರು ಕಂಡರು?”

ಮೂವರೂ ಅಂಗಳ ದಾಟಿದರು. ಎದುರಿನ ಶೆಡ್ಡಿನಲ್ಲಿ ಕುಲುಮೆ ಕಾವೇರಿತ್ತು. ಇಂದು ಕಬ್ಬಿಣ ಕರಗಿಸುವ ದಿನ. ಅದರ ಬಿಸಿಗೆ ಅಂಗಳದ ಗಾಳಿಯೆಲ್ಲ ನೀರಿನಂತೆ ಅಲುಗಿ, ಗೋಡೆ, ಬಂಡಿ, ಮರಳಿನ ಗುಡ್ಡೆ ಎಲ್ಲವೂ ತಮ್ಮ ನೆಲೆ ಬಿಟ್ಟು ಸ್ವಲ್ಪ ಸ್ವಲ್ಪ ತೇಲುತ್ತಿದ್ದವು. ತಾತ ಸೊಸೆಯ ತೋಳು ಹಿಡಿದು ನಡೆಯುತ್ತಿದ್ದ. “ನಾಲ್ಕು ಭಾನುವಾರ,” ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದ. “ನಾಲ್ಕು ಭಾನುವಾರ ಉಜ್ಜಿದನಂತೆ.”

ಆಫೀಸಿನಲ್ಲಿ ಚಿಕ್ಕ ಮಗ ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು ಮಷೀನಿನ ನಕ್ಷೆಯೊಂದನ್ನು ನೋಡುತ್ತಿದ್ದ. ಊದಿದ ಕೆನ್ನೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಮೂವರನ್ನೂ ಒಟ್ಟಿಗೆ ಕಂಡು ಎದ್ದುನಿಂತ. ಅಭ್ಯಾಸಬಲದಿಂದ ಸ್ಲೇಟಿಗೆ ಕೈ ಹಾಕಿದ.

ಸಾಹೇಬರು ಗೋಡೆ ನೋಡಿದರು.

ಮೊಳೆ ಮಾತ್ರ ಇತ್ತು. ಅದರ ಕೆಳಗೆ ಧೂಳು ಕೂರದೆ ಉಳಿದ ಒಂದು ಸ್ವಚ್ಛ ಜಾಗ.

“ಇಲ್ಲಿದ್ದ ಗಂಟು ಎಲ್ಲಿ?”

“ಅದಾ? ಈಗ ತಾನೇ ಅಮ್ಮ ಬಂದು ತಗೊಂಡು ಹೋದ್ಲು.” ಚಿಕ್ಕವನು ಒಬ್ಬೊಬ್ಬರ ಮುಖವನ್ನೂ ನೋಡಿದ. “ಯಾಕೆ? ಏನಿತ್ತು ಅದರಲ್ಲಿ? ಅಣ್ಣ ಹಾಕಿದ್ದು ಅಂತ ನಾನು ಮುಟ್ಟಿರಲಿಲ್ಲ. ಅವನಿದ್ದಾಗ ಸಿಟ್ಟಿಗೆ ಮುಟ್ಟಲಿಲ್ಲ, ಹೋದ ಮೇಲೆ... ಮನಸ್ಸಾಗಲಿಲ್ಲ.”

ಸಾಹೇಬರು ಅವನ ಕಣ್ಣನ್ನೇ ನೋಡಿದರು. ಸುಳ್ಳು ಹೇಳುವವರ ಕಣ್ಣು ಅವರಿಗೆ ತಮ್ಮ ಅಂಗೈಯಷ್ಟು ಪರಿಚಯ. ಬೆಳಗಿನಿಂದ ಕಟ್ಟಿಕೊಂಡು ಬಂದಿದ್ದ ಅವರ ಲೆಕ್ಕಾಚಾರವೆಲ್ಲ ಸದ್ದಿಲ್ಲದೆ ಕುಸಿಯಿತು. ಈ ಹುಡುಗ ನಿಜ ಹೇಳುತ್ತಿದ್ದ.

ಗೊತ್ತಿದ್ದವರು ಮೂರೇ ಜನ. ಒಬ್ಬ ಸತ್ತಿದ್ದ. ಒಬ್ಬಳು ಅವರ ಪಕ್ಕದಲ್ಲೇ ನಿಂತು ಬಿಳಿಚಿಕೊಂಡಿದ್ದಳು.

“ಅಲ್ನೋಡಿ,” ಎಂದ ಚಿಕ್ಕವನು, ಕಿಟಕಿಯ ಕಡೆ ಬಾಗಿ. ಅವನ ಧ್ವನಿಯಲ್ಲಿ ಬರೀ ಆಶ್ಚರ್ಯವಿತ್ತು. “ಅಮ್ಮ ಅದನ್ನ ಎತ್ಕೊಂಡು ಕುಲುಮೆ ಮೆಟ್ಟಿಲು ಯಾಕೆ ಹತ್ತುತಾ ಇದಾಳೆ? ಮಂಡಿ ನೋವು ಅಂತ ಮನೆ ಮೆಟ್ಟಿಲೇ ಹತ್ತಲ್ವಲ್ಲ ಅವಳು!”

ಕಬ್ಬಿಣದ ಮೆಟ್ಟಿಲ ಮೇಲೆ, ಅಲುಗುವ ಗಾಳಿಯ ನಡುವೆ, ಒಬ್ಬ ಸಣ್ಣ ಆಕಾರದ ಮುದುಕಿ ಹೂವಿನ ಬಟ್ಟೆಯ ಗಂಟನ್ನು ಎದೆಗವುಚಿಕೊಂಡು ಹತ್ತುತ್ತಿದ್ದಳು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಅವಸರವಿರಲಿಲ್ಲ.

“ನಿಲ್ಲಿಸಿ ಅವರನ್ನ! ಅದು ಕರಗಿದ್ರೆ ಸಾಕ್ಷಿನೇ ಹೋಯ್ತು!” ಸಾಹೇಬರು ಕಿಟಕಿಯಿಂದ ಕೂಗಿದರು. ಕುಲುಮೆಗೆ ಗಾಳಿ ಊದುವ ಯಂತ್ರದ ಅಬ್ಬರದಲ್ಲಿ ಆ ಕೂಗು ಅಂಗಳದ ಅರ್ಧಕ್ಕೂ ಹೋಗಲಿಲ್ಲ.

ಮೇಲಿನ ಕಟ್ಟೆಯಲ್ಲಿ ನಿಂತಿದ್ದ ಕುಲುಮೆಯವನು ಯಜಮಾನಿಯನ್ನು ಕಂಡು ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಏನೋ ಹೇಳಿದಳು. ಅವನು ತಲೆಯಾಡಿಸಿ, ಸರಪಳಿ ಎಳೆದು, ಬೆಂಕಿಯ ಬಾಗಿಲನ್ನು ಅವಳಿಗೆ ತೆರೆದುಕೊಟ್ಟ.